ಮುಕ್ಕಾಲು ಹೊಟ್ಟೆಯ ಸಾಕ್ಷಿ

ಪತ್ತೇದಾರಮ್ಮ ಎಂದು ಆಕೆಗೆ ಹೆಸರಿಟ್ಟವರು ಇಲಿಮನೆಯ ಜೊತೆಗಾರರು. ಇಟ್ಟ ಹೆಸರು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತು. ಹಾಲನ್ನು ಮೂಸಿ ನೋಡದೆ ಒಲೆಯ ಮೇಲಿಡುವವಳಲ್ಲ ಆಕೆ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತಾಳೆ, ಬೀದಿಯ ತಿರುವಿನವರೆಗೆ ಹೋಗುತ್ತಾಳೆ, ಮನಸ್ಸು ತಡೆಯದೆ ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತಾಳೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಸುಮ್ಮನೆ ನಕ್ಕರೂ ಸಾಕು, ಕೈ ತಾನಾಗಿ ಚೀಲದ ಜಿಪ್ಪಿನ ಮೇಲೆ ಹೋಗುತ್ತದೆ. ಯಾರಾದರೂ ತುಂಬಾ ಹೊಗಳಿದರಂತೂ, ಇವರಿಗೆ ನನ್ನಿಂದ ಏನು ಆಗಬೇಕಾಗಿದೆಯೋ ಎಂದು ಆ ದಿನವಿಡೀ ಅದೇ ಯೋಚನೆ. ಇಂಥವಳಿಗೆ ಸಿಕ್ಕಿದ್ದೂ, ಹೇಳಿ ಮಾಡಿಸಿದ ಹಾಗೆ, ಅನುಮಾನ ಪಡುವ ಕೆಲಸವೇ.

ಊರಿನ ದೊಡ್ಡ ಕಾಲೇಜಿನ ಹಿಂಭಾಗದಲ್ಲಿ, ಜನರೇಟರ್ ಕೋಣೆಯನ್ನು ದಾಟಿದರೆ ಒಂದು ಉದ್ದನೆಯ ಕಟ್ಟಡ. ಬಾಗಿಲ ಮೇಲಿನ ಫಲಕದಲ್ಲಿ ಮಾರುದ್ದದ ಹೆಸರಿದ್ದರೂ ಕಾವಲುಗಾರನಿಂದ ಪ್ರಾಂಶುಪಾಲರವರೆಗೆ ಎಲ್ಲರ ಬಾಯಲ್ಲೂ ಅದು ಇಲಿಮನೆಯೇ. ಪಂಜರ ತೊಳೆಯುವುದು, ಒಳಗೆ ಹಾಸಿದ ಮರದ ಹೊಟ್ಟು ಬದಲಿಸುವುದು, ನೀರಿನ ಬಾಟಲಿಯ ನಳಿಕೆ ಕಟ್ಟಿಕೊಂಡಿದೆಯೇ ಎಂದು ಬೆರಳಿಟ್ಟು ನೋಡುವುದು, ತಿಂಡಿ ಹಾಕುವುದು ಆಕೆಯ ಕೆಲಸ. ಕೇಳಲು ಸುಲಭ. ಆದರೆ ಇಲಿಯಂಥ ನಟ ಇನ್ನೊಬ್ಬನಿಲ್ಲ. ತನಗೆ ಹುಷಾರಿಲ್ಲ ಎಂಬುದನ್ನು ಅದು ಸಾಯುವ ಹಿಂದಿನ ದಿನದವರೆಗೂ ಮುಚ್ಚಿಡುತ್ತದೆ. ಬೆನ್ನು ಯಾಕೆ ಗೂನಾಗಿದೆ, ಮೂಲೆ ಯಾಕೆ ಹಿಡಿದಿದೆ, ಮೈಯ ಕೂದಲು ಯಾಕೆ ಮಂಕಾಗಿದೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವರೇ ಅಲ್ಲಿ ಬೇಕು. ತಿನ್ನುವುದನ್ನಂತೂ ಯಾರೂ ಕೂತು ನೋಡುವುದಿಲ್ಲ. ಹೊಸ ತಿಂಡಿ ಹಾಕುವ ಮುಂಚೆ ಹಳೆಯದರಲ್ಲಿ ಏನು ಉಳಿದಿದೆ ಎಂದು ತೆಗೆದು ತೂಗಬೇಕು; ಉಳಿದದ್ದರಿಂದ ತಿಂದದ್ದನ್ನು ತಿಳಿಯಬೇಕು. ಪತ್ತೇದಾರಮ್ಮ ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದದ್ದು ಇದನ್ನೇ.

ಇಲಿಮನೆಯ ಕೊನೆಯ ಕೋಣೆ ಮುದುಕರದು. ಮುದಿ ಇಲಿಗಳ ನೆನಪಿನ ಮೇಲೆ ಕೆಲಸ ಮಾಡುವ ಒಬ್ಬ ಮೇಡಂ ಅಲ್ಲಿ ಎರಡು ಸಾಲು ಪಂಜರಗಳನ್ನು ಇಟ್ಟಿದ್ದರು. ಒಂದು ಸಾಲಿನವಕ್ಕೆ ತಿಂದಷ್ಟು ತಿಂಡಿ. ಇನ್ನೊಂದು ಸಾಲಿನವಕ್ಕೆ ಪ್ರಾಯದಿಂದಲೂ ಕಡಿಮೆ, ಮುಕ್ಕಾಲು ಪಾಲು ಮಾತ್ರ, ಅದೂ ದಿನಕ್ಕೆ ಒಂದೇ ಹೊತ್ತು, ಒಬ್ಬರದೇ ಕೈಯಿಂದ. ಇಲಿಮನೆಯವರು ಇವುಗಳನ್ನು ತುಂಬು ಹೊಟ್ಟೆಯವು, ಮುಕ್ಕಾಲು ಹೊಟ್ಟೆಯವು ಎಂದು ಕರೆಯುತ್ತಿದ್ದರು. ತುಂಬು ಹೊಟ್ಟೆಯವು ಊಟ ಮುಗಿಸಿದ ಯಜಮಾನರ ಹಾಗೆ ಬಿದ್ದುಕೊಂಡಿರುತ್ತಿದ್ದವು. ಯಾರು ಬಂದರು, ಯಾರು ಹೋದರು ಎಂಬ ಗೊಡವೆಯಿಲ್ಲ. ಮುಕ್ಕಾಲಿನವು ಹಾಗಲ್ಲ. ತಿಂಡಿಯ ಡಬ್ಬಕ್ಕೆ ಸೌಟು ತಾಗಿದ ಸದ್ದಾದರೆ ಸಾಕು, ಸಾಲಿಗೆ ಸಾಲೇ ಎದ್ದು ಸರಳು ಹಿಡಿದು ನಿಲ್ಲುತ್ತಿದ್ದವು. ಪತ್ತೇದಾರಮ್ಮನ ಹೆಜ್ಜೆಯ ಸದ್ದು ಅವಕ್ಕೆ ಗೊತ್ತು, ಅವಳ ಕೈಯ ವಾಸನೆ ಗೊತ್ತು. ಕಚ್ಚುತ್ತಿದ್ದದ್ದೂ ಅವಳನ್ನೇ.

ಇನ್ನು ಮನೆಯ ಕಥೆ. ಮನೆಯಲ್ಲಿ ಮೂವರು: ಆಕೆ, ಅರ್ಧ ವಾರ ರಸ್ತೆಯ ಮೇಲೆಯೇ ಇರುವ ಲಾರಿ ಡ್ರೈವರ್ ಗಂಡ, ಮತ್ತು ಮಾವ. ಗಂಡ ಒಳ್ಳೆಯವನೇ, ಆದರೆ ಯಾವ ಮಾತಿಗೂ ಅವನ ಉತ್ತರ "ನೋಡೋಣ". ಸೂರು ಸೋರುತ್ತಿದೆ ಎಂದರೂ ನೋಡೋಣ, ಹಲ್ಲು ನೋಯುತ್ತಿದೆ ಎಂದರೂ ನೋಡೋಣ. ಮಾವ ಬೇರೆಯೇ ಧಾತು. ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದು ಬಡಿಸಿ ಬಡಿಸಿ ನಿವೃತ್ತನಾದವನು. ಸಾಲಿನಲ್ಲಿ ಎರಡನೇ ಸಲ ಬಂದು ನಿಂತವನನ್ನು ಮುಖ ನೋಡದೆ, ಚಾಚಿದ ಕೈ ನೋಡಿಯೇ ಗುರುತಿಸುತ್ತಿದ್ದನಂತೆ. "ಬಂದಿದ್ದು ಗೊತ್ತಾಯ್ತಪ್ಪ" ಎಂದು ಮೆಲ್ಲಗೆ ಹೇಳಿ, ಆಮೇಲೂ ಸೌಟಿನ ತುಂಬಾ ಹಾಕಿ ಕಳಿಸುತ್ತಿದ್ದನಂತೆ.

ಪತ್ತೇದಾರಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಉಣ್ಣುತ್ತಿದ್ದಳು. ಆಗ ಬದುಕಿದ್ದ ಅತ್ತೆಯೂ ಗಂಡನೂ ಅದನ್ನು ಗಮನಿಸಿರಲಿಲ್ಲ. ಗಮನಿಸಿದವನು ಮಾವ. ಒಂದು ದಿನ ಏನೂ ಹೇಳದೆ ಅವಳ ಕೈಯಿಂದ ಸೌಟು ಇಸಿದುಕೊಂಡು, "ನೀನು ಕೂತ್ಕೋ. ಕೊನೇಲಿ ಕೂತೋರ ಹೊಟ್ಟೆ ಕಥೆ ಬಡಿಸೋನಿಗೆ ಗೊತ್ತು" ಎಂದು ತಾನೇ ಬಡಿಸಿದ. ಆಮೇಲೆ ಅವಳು ಇಲಿಮನೆಯ ಕೆಲಸಕ್ಕೆ ಹೋಗುತ್ತೇನೆಂದಾಗ ಮನೆಯವರೆಲ್ಲ ಮೂಗು ಮುರಿದರೆ, ಇಂಟರ್‌ವ್ಯೂಗೆ ಜೊತೆಯಲ್ಲಿ ಹೋಗಿ ಗೇಟಿನ ಹೊರಗೆ ಬಿಸಿಲಲ್ಲಿ ನಿಂತವನೂ ಅವನೇ. ಎಲ್ಲರ ಮೇಲೂ ಗುಮಾನಿಯಿದ್ದ ಆಕೆಗೆ ಗುಮಾನಿಯಿಲ್ಲದ ಒಬ್ಬನೇ ಒಬ್ಬ ಮನುಷ್ಯ ಮಾವ.

ಆ ಮಾವನಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಚಪ್ಪಲಿ, ಇವತ್ತು ಯಾವ ವಾರ ಎಂಬಂಥವು. ಆಮೇಲೆ ಉಂಡದ್ದೇ ಮರೆಯತೊಡಗಿತು. ಉಂಡು, ಕೈ ತೊಳೆದು, ಹೊರಗಿನ ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದ. ಕೈಯ ಒದ್ದೆ ಆರುವಷ್ಟರಲ್ಲಿ, "ಏನಮ್ಮಾ, ಇವತ್ತು ಊಟ ಗೀಟ ಉಂಟೋ ಇಲ್ವೋ?" ಎಂದು ಒಳಕ್ಕೆ ಬರುತ್ತಿದ್ದ.

"ಈಗ ತಾನೇ ಉಂಡ್ರಲ್ಲ ಮಾವ."

"ಯಾರು, ನಾನಾ? ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಬಿದ್ದಿಲ್ಲ ಹೊಟ್ಟೆಗೆ."

ಪತ್ತೇದಾರಮ್ಮ ತನ್ನ ಕಸುಬಿನ ಉಪಾಯ ಹೂಡಿದಳು. ಅವನು ಉಂಡ ತಟ್ಟೆಯನ್ನು ತೊಳೆಯದೆ ಹಾಗೇ ಇಟ್ಟಳು. ಕೇಳಲು ಬಂದರೆ ಕಣ್ಣಮುಂದೆ ಹಿಡಿದು, ಇಷ್ಟು ಉಂಡು ಇಷ್ಟು ಬಿಟ್ಟಿದ್ದೀರಿ ನೋಡಿ ಎಂದು ತೋರಿಸುವುದು. ಇಲಿಮನೆಯಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಇಲ್ಲ. ಮಾವ ತಟ್ಟೆಯನ್ನು ತಿರುಗಿಸಿ ನೋಡಿದ, ಅಂಚಿಗೆ ಅಂಟಿದ ಅನ್ನದ ಅಗುಳನ್ನು ಉಗುರಿನಿಂದ ಕೆರೆದ, ಆಮೇಲೆ ಅವಳ ಮುಖವನ್ನೇ ನೋಡಿದ.

"ನೀನು ಉಂಡಿದ್ದನ್ನ ತಂದು ನನಗೆ ತೋರಿಸ್ತಾ ಇದೀಯಲ್ಲ" ಎಂದ.

ಇಲಿ ಯಾವತ್ತೂ ಹೀಗೆ ಹೇಳಿರಲಿಲ್ಲ. ಪತ್ತೇದಾರಮ್ಮ ತಟ್ಟೆಯನ್ನು ಒಯ್ದು ತೊಳೆದಿಟ್ಟಳು.

ಮಾತು ಮನೆಯೊಳಗೇ ಇದ್ದಿದ್ದರೆ ನುಂಗಿಕೊಳ್ಳಬಹುದಿತ್ತು. ಹೊರಗಿನ ಕುರ್ಚಿ ಇರುವುದೇ ಬೀದಿಗೆ ಮುಖ ಮಾಡಿ. ತರಕಾರಿ ಗಾಡಿಯವನಿಗೆ, ಎದುರುಮನೆಯವರಿಗೆ, ದಾರಿಯಲ್ಲಿ ಹೋಗುವ ಅಪರಿಚಿತರಿಗೂ ಮಾವ ತನ್ನ ಹಸಿವಿನ ದೂರು ಒಪ್ಪಿಸತೊಡಗಿದ. ಎದುರುಮನೆಯವರು ಬಿಸ್ಕತ್ತಿನ ಪೊಟ್ಟಣ ತಂದುಕೊಟ್ಟು, ಅವಳ ಕಡೆ ಒಂದು ನೋಟ ಬೀರಿ ಹೋದರು. ಆ ನೋಟದ ಅರ್ಥವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತನ್ನ ಜೀವಮಾನವಿಡೀ ಆಕೆ ಬೇರೆಯವರ ಕಡೆ ಬೀರಿದ್ದು ಅದೇ ನೋಟ. ಸುದ್ದಿ ಹೇಗೋ ನಾದಿನಿಯ ಕಿವಿಗೆ ಬಿತ್ತು. ನಾದಿನಿ, ಗಂಡನ ಅಕ್ಕ, ಊರಿನ ಇನ್ನೊಂದು ತುದಿಯಲ್ಲಿ ಲಾಂಡ್ರಿ ನಡೆಸುವವಳು. ಬಟ್ಟೆ ಕೈಗೆ ಬಂದರೆ ಮೊದಲು ಬೆಳಕಿಗೆ ಹಿಡಿದು ಕಲೆ ಹುಡುಕುವುದೇ ಆಕೆಯ ಕಸುಬು. ಫೋನಿನಲ್ಲಿ ಆಕೆ ಏನೂ ಬೈಯಲಿಲ್ಲ. "ಅಪ್ಪನ ಊಟ ತಿಂಡಿ ಎಲ್ಲ ಸರಿಯಾಗಿ ನಡೀತಿದೆ ತಾನೇ?" ಎಂದಷ್ಟೇ ಕೇಳಿದಳು, ಆ "ತಾನೇ"ಯನ್ನು ಒಂದಿಷ್ಟು ಎಳೆದು.

"ನಿಮ್ಮಕ್ಕನಿಗೆ ನೀವಾದ್ರೂ ಹೇಳ್ರೀ" ಎಂದು ಗಂಡನನ್ನು ಕೇಳಿದರೆ, ಅವನು ಸಾಕ್ಸ್ ಬಿಚ್ಚುತ್ತಾ, "ನೋಡೋಣ" ಎಂದ.

ಬೇರೆ ದಾರಿ ಕಾಣದೆ ಆಕೆ ಮಾವ ಕೇಳಿದಾಗಲೆಲ್ಲ ಬಡಿಸತೊಡಗಿದಳು. ಬೀದಿಯ ಬಾಯಿ ಮುಚ್ಚಿಸಬೇಕಲ್ಲ. ಎರಡು ಊಟ, ಮೂರು ಊಟ, ನಡುನಡುವೆ ಎದುರುಮನೆಯ ಬಿಸ್ಕತ್ತು. ಮಾವ ಊದಿಕೊಂಡ. ಕೂತಲ್ಲೇ ತೂಕಡಿಸತೊಡಗಿದ. ಒಂದು ಬೆಳಿಗ್ಗೆ ಚಹಾ ಕೊಡಲು ಹೋದರೆ ಅವಳನ್ನು ನೋಡಿ, "ನೀನು ಹೊಸದಾಗಿ ಬಂದ ಕೆಲಸದೋಳಾ?" ಎಂದು ಕೇಳಿದ. ದೂರು ಹೇಳುತ್ತಿದ್ದಾಗಲಾದರೂ ಅವನಿಗೆ ಅವಳು ಸೊಸೆ ಎಂಬುದು ಗೊತ್ತಿತ್ತು.

ಇಲಿಮನೆಯಲ್ಲಿ ಆಗ ಪರೀಕ್ಷೆಯ ದಿನಗಳು. ಹಲಗೆಯಿಂದ ಮಾಡಿದ ಓಣಿಗಳ ಮನೆಯೊಂದರಲ್ಲಿ ಒಂದೇ ಓಣಿಯ ತುದಿಗೆ ತಿಂಡಿಯ ಚೂರು ಇಟ್ಟು ಇಲಿಯನ್ನು ಬಿಡುವುದು. ಮೊದಲು ಹೋದ ದಾರಿ ನೆನಪಿದೆಯೇ ಎಂದು ನೋಡುವುದು. ತುಂಬು ಹೊಟ್ಟೆಯವು ಅಲ್ಲಲ್ಲಿ ನಿಂತು ಮೀಸೆ ತಿರುವುತ್ತಿದ್ದವು, ಹೋದ ಓಣಿಗೇ ಮತ್ತೆ ಹೋಗುತ್ತಿದ್ದವು. ಮುಕ್ಕಾಲಿನವು ಮೂಗು ನೆಲಕ್ಕಿಟ್ಟು ನೆಟ್ಟಗೆ ನಡೆಯುತ್ತಿದ್ದವು. ಪತ್ತೇದಾರಮ್ಮನಿಗೆ ಮೊದಲು ಬಂದದ್ದು ಅನುಮಾನವೇ.

"ಮೇಡಂ, ಇವಕ್ಕೆ ನೆನಪು ಜಾಸ್ತಿನೋ, ಹಸಿವು ಜಾಸ್ತಿನೋ?"

ಮೇಡಂ ನಕ್ಕರು. "ಆ ಅನುಮಾನ ನಮಗೂ ಇದೆ. ಅದಕ್ಕೇ ಪಕ್ಕದ ಕೋಣೇಲಿ ನೀರಿನ ತೊಟ್ಟಿ ಇರೋದು. ನೀರಿನ ಅಡಿಯಲ್ಲಿ ಎಲ್ಲೋ ಒಂದು ಪುಟ್ಟ ಕಟ್ಟೆ ಇದೆ, ಅದನ್ನ ನೆನಪಿಟ್ಟುಕೊಂಡು ಹೋಗಿ ಹತ್ತಬೇಕು. ಅಲ್ಲಿ ತಿಂಡಿಯ ಸುಳಿವೇ ಇಲ್ಲ. ಅದರಲ್ಲೂ ಮುಕ್ಕಾಲಿನವೇ ಸ್ವಲ್ಪ ಮುಂದೆ. ಎಲ್ಲವೂ ಅಲ್ಲ, ಹೆಚ್ಚಿನವು."

"ಮತ್ತೆ ಕಚ್ಚೋದು?"

"ನೆನಪು ಉಳಿಯತ್ತೆ ಅಂತ ಸ್ವಭಾವ ಹಾಗೇ ಉಳಿಯಲ್ಲ. ಚುರುಕಾಗ್ತವೆ, ಜೊತೆಗೆ ಕಿರಿಕಿರಿನೂ ಬರತ್ತೆ. ಕಾಯ್ತಾ ಇರ್ತವೆ, ಹುಡುಕ್ತಾ ಇರ್ತವೆ. ಒಂದನ್ನ ಬಿಟ್ಟು ಇನ್ನೊಂದು ಬರಲ್ಲ."

"ಮನುಷ್ಯರಿಗೂ ಹೀಗೇನಾ ಮೇಡಂ?"

ಮೇಡಂ ತಲೆಯೆತ್ತಿ ನೋಡಿದರು. "ಇಲಿಗಳ ಮಾತು ಇಲಿಗಳಿಗೆ. ಇವಕ್ಕೆ ಪ್ರಾಯದಿಂದ ಅಭ್ಯಾಸ. ಮುದಿಯಾದ ಮೇಲೆ ದಿಢೀರ್ ಅಂತ ಕಡಿಮೆ ಮಾಡಿದ್ರೆ ಲಾಭ ಆಗ್ಲೇಬೇಕು ಅಂತೇನಿಲ್ಲ, ಕೆಲವು ಸೊರಗಿ ಸತ್ತೂ ಹೋಗ್ತವೆ. ಯಾಕೆ, ಮನೇಲಿ ಯಾರಾದ್ರೂ ಇದಾರಾ?"

"ಇಲ್ಲ, ಸುಮ್ನೆ ಕೇಳ್ದೆ."

ಸುಮ್ಮನೆ ಕೇಳುವ ಅಭ್ಯಾಸ ಆಕೆಗಿಲ್ಲ ಎಂಬುದು ಮೇಡಂಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅನುಮಾನದ ಮನುಷ್ಯರಲ್ಲಿ ಒಂದು ವಿಚಿತ್ರವಿದೆ: ಎಲ್ಲವನ್ನೂ ಕೆದಕಿ ನೋಡುತ್ತಾರೆ, ತಮಗೆ ಬೇಕಾದ ಒಂದನ್ನು ಮಾತ್ರ ಮುಟ್ಟಿಯೂ ನೋಡದೆ ನಂಬಿಬಿಡುತ್ತಾರೆ. ಮೇಡಂ ಹೇಳಿದ್ದರಲ್ಲಿ ಪತ್ತೇದಾರಮ್ಮ ಮನೆಗೆ ತಂದದ್ದು, ಮುಕ್ಕಾಲಿನವು ಸ್ವಲ್ಪ ಮುಂದೆ ಎಂಬುದನ್ನಷ್ಟೇ.

ಅವಳಿಗೆ ಬೇಕಿದ್ದದ್ದು ಎರಡು. ಮಾವನಿಗೆ ತಾನು ಯಾರು ಎಂಬುದು ತಿಳಿದಿರಬೇಕು; ಮಾವನ ಹೊಟ್ಟೆಗೆ ಹಾಕದ ಸೊಸೆ ಎಂಬ ಹೆಸರು ಹೋಗಬೇಕು. ಇದರಲ್ಲಿ ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕೈಬಿಡುತ್ತದೆ ಎಂದು ಅವಳಿಗೆ ತಿಳಿಯದೇ ಇರಲಿಲ್ಲ. ಹೇಗೂ ಕೆಟ್ಟ ಹೆಸರು ಬಂದಾಗಿದೆ, ಬಂದ ಹೆಸರಿಗೆ ತಕ್ಕ ಕೆಲಸವನ್ನಾದರೂ ಮಾಡೋಣ ಎಂದುಕೊಂಡಳು. ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಮೊದಲು ಎರಡನೇ ಊಟ, ಮೂರನೇ ಊಟ ನಿಂತವು. ಆಮೇಲೆ ಒಂದು ಊಟವೂ ಕುಗ್ಗಿತು. ದೊಡ್ಡ ತಟ್ಟೆ ಮೇಲಿನ ಕಪಾಟಿಗೆ ಹೋಗಿ ಚಿಕ್ಕದು ಕೆಳಗಿಳಿಯಿತು. ಬ್ರೆಡ್ಡಿನ ಅಂಚು ಕತ್ತರಿಸಿ ನಡುವಿನದನ್ನು ಮಾತ್ರ ಕೊಟ್ಟಳು. ಮೊಟ್ಟೆ ಅರ್ಧವಾಯಿತು. ಎದುರುಮನೆಯವರಿಗೆ, "ಡಾಕ್ಟ್ರು ಸಕ್ಕರೆ ಬೇಡ ಅಂದಿದಾರೆ, ಬಿಸ್ಕತ್ತು ಕೊಡಬೇಡಿ" ಎಂದು ಹಸಿ ಸುಳ್ಳು ಹೇಳಿದಳು. ಹೇಳುವಾಗ ಅವರು ನಂಬಿದರೋ ಇಲ್ಲವೋ ಎಂದು ಅವರ ಕಣ್ಣನ್ನೇ ನೋಡಿದಳು. ಅವರು ನಂಬಿರಲಿಲ್ಲ.

ಮೊದಲು ಕಂಡದ್ದು ಸಿಟ್ಟು. ಮಾವ ಅಡುಗೆಮನೆಯ ಬಾಗಿಲಲ್ಲಿ ಅತ್ತಿಂದಿತ್ತ ಓಡಾಡತೊಡಗಿದ. ಪಾತ್ರೆಗೆ ಸೌಟು ತಾಗಿದರೆ ಸಾಕು, ಹೊರಗಿನ ಕುರ್ಚಿಯಿಂದ ಎದ್ದು ಬಂದು ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಪತ್ತೇದಾರಮ್ಮನಿಗೆ ಈ ನಡೆ ಗೊತ್ತು. ಅವಳಿಗೆ ಒಳಗೊಳಗೇ ಭಯವಾಯಿತು, ಅದಕ್ಕಿಂತ ಹೆಚ್ಚು ಆಸೆಯಾಯಿತು.

ಕೆಲವು ವಾರ ಹೀಗೇ ಹೋದವು. ಒಂದು ಬೆಳಿಗ್ಗೆ ತಟ್ಟೆಯನ್ನು ಮುಂದಿಟ್ಟಾಗ ಮಾವ ಕೈ ಹಚ್ಚದೆ ಕೂತ.

"ನಿನ್ನೆನೂ ಅರ್ಧ ಮೊಟ್ಟೆನೇ ಕೊಟ್ಟೆ. ಮಿಕ್ಕಿದ್ದರ್ಧ ಏನಾಯ್ತು?"

ನಿನ್ನೆ ಎಂದನಲ್ಲ! ಅವನ ಬಾಯಿಂದ ನಿನ್ನೆ ಎಂಬ ಮಾತು ಬಂದು ಎಷ್ಟು ಕಾಲವಾಗಿತ್ತು. ಅದೂ ಹೇಳಿದ್ದು ಅಪ್ಪಟ ನಿಜ. ಪತ್ತೇದಾರಮ್ಮ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಸಂತೋಷಕ್ಕೆ ಅತ್ತಳು.

ಅಲ್ಲಿಂದ ಶುರುವಾಯಿತು ನೋಡಿ ಮಾವ-ಸೊಸೆಯರ ಪತ್ತೇದಾರಿಕೆ. ಮಾವ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಿದ್ದ. ಅವಳು ಕೆಲಸಕ್ಕೆ ಹೊರಟರೆ ಚೀಲದ ಕಡೆ ಕಣ್ಣು ಹಾಯಿಸುತ್ತಿದ್ದ. ತಲೆದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುತ್ತಿದ್ದ. ಎಲ್ಲಿ ಬಚ್ಚಿಟ್ಟದ್ದು ಎಂಬುದನ್ನು ಮರೆಯುತ್ತಿರಲಿಲ್ಲ. ಅವಳು ಆ ಬ್ರೆಡ್ಡನ್ನು ತೆಗೆದರೆ ಸಂಜೆಗೆ ಲೆಕ್ಕ ಕೇಳುತ್ತಿದ್ದ. ಒಂದು ದಿನ ಮೇಲಿನ ಕಪಾಟಿನಲ್ಲಿದ್ದ ದೊಡ್ಡ ತಟ್ಟೆಯನ್ನು ಹುಡುಕಿ ಇಳಿಸಿ, ಮೇಜಿನ ಮೇಲಿಟ್ಟು, ಅವಳು ಬರುವುದನ್ನೇ ಕಾಯುತ್ತಾ ಕೂತಿದ್ದ.

"ಏನಮ್ಮಾ ಪತ್ತೇದಾರಿ, ಕೊನೆಗೆ ನಿನ್ನನ್ನೇ ಪತ್ತೆ ಮಾಡಿದೆ ನೋಡು" ಎಂದು ನಕ್ಕ.

ಅವನು ನಕ್ಕದ್ದಕ್ಕೂ, ಇಲಿಮನೆಯವರು ಇಟ್ಟ ಹೆಸರು ಅವನಿಗೆ ನೆನಪಿದ್ದದ್ದಕ್ಕೂ ಅವಳೂ ನಕ್ಕಳು. ಆದರೆ ನಕ್ಕು ಮುಗಿಯುವುದರೊಳಗೆ ಅವಳ ಹಳೆಯ ಚಾಳಿ ತಲೆಯೆತ್ತಿತು. ಇದು ನೆನಪೋ, ಹಸಿವೋ? ಪರೀಕ್ಷೆ ಮಾಡಿ ನೋಡಿದಳು. ನಿನ್ನೆ ಮನೆಗೆ ಯಾರು ಬಂದಿದ್ದರು ಎಂದು ಕೇಳಿದರೆ ಮಾವ ಕಣ್ಣು ಕಿರಿದು ಮಾಡಿ ಯೋಚಿಸಿ, "ನೀನು ಆಲೂಗಡ್ಡೆ ಮುಚ್ಚಿಡ್ತಾ ಇದ್ದಾಗ ಒಬ್ಬ ಸಿಲಿಂಡರ್ ತಂದ" ಎಂದ. ಸತ್ತ ಅತ್ತೆಯ ಬಗ್ಗೆ ಕೇಳಿದರೆ, "ಒಳಗಿರಬೇಕು" ಎಂದ. ಊಟದ ದಾರಕ್ಕೆ ಪೋಣಿಸಿದ್ದಷ್ಟೇ ಉಳಿಯುತ್ತಿತ್ತು, ಉಳಿದದ್ದು ಉದುರಿಹೋಗುತ್ತಿತ್ತು. ಇದನ್ನು ಕಂಡೂ ಆಕೆ ಕಾಣದಂತಿದ್ದಳು. ಸೊಸೆ ಯಾರೆಂಬುದು ಅವನಿಗೆ ಗೊತ್ತಿತ್ತಲ್ಲ, ಅಷ್ಟು ಸಾಕಿತ್ತು.

ಮೈ ಮಾತ್ರ ಇಳಿಯುತ್ತಿತ್ತು. ಅಂಗಿ ಹೆಗಲಿನಿಂದ ಜಾರುತ್ತಿತ್ತು. ಬೆಲ್ಟಿಗೆ ಹೊಸ ತೂತು ಬೇಕಾಯಿತು. ಮಧ್ಯಾಹ್ನ ಮಾವ ಮಲಗಿದ್ದಾಗ ಮೊಳೆ ಸುತ್ತಿಗೆ ಹಿಡಿದು ಆ ತೂತನ್ನು ಹೊಡೆದವಳು ಅವಳೇ. ಪಾಪದ ಕೆಲಸ ಮಾಡುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಮಾವ ಎದ್ದು ಬಂದು, "ಚಹಾ ಜೊತೆ ಮೊನ್ನೆಯಿಂದ ಬಿಸ್ಕತ್ತು ಕಾಣ್ತಿಲ್ಲ" ಎಂದ. ಮೊನ್ನೆಯೇ ನಿಲ್ಲಿಸಿದ್ದು. ಅವಳು ಬೆಲ್ಟನ್ನು ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದಳು.

ಅಷ್ಟರಲ್ಲಿ ನಾದಿನಿ ಬಂದಿಳಿದಳು. ಹೇಳಿಲ್ಲ ಕೇಳಿಲ್ಲ, ಕೈಯಲ್ಲಿ ಬಟ್ಟೆಯ ಬ್ಯಾಗು. "ಸುಮ್ನೆ ನಾಲ್ಕು ದಿನ ಇದ್ದು ಹೋಗೋಣ ಅಂತ" ಎಂದಳು. ಅಪ್ಪನನ್ನು ಬೆಳಕಿಗೆ ನಿಲ್ಲಿಸಿ, ತೋಳು ಹಿಡಿದು, ಕತ್ತಿನ ಮೂಳೆ ಮುಟ್ಟಿ, ಬಟ್ಟೆ ನೋಡುವ ಹಾಗೇ ನೋಡಿದಳು. "ತುಂಬಾ ಇಳಿದುಹೋಗಿದಾರೆ" ಎಂದಷ್ಟೇ ಹೇಳಿದಳು. ಆ ಹೊತ್ತಿಗೆ ಅಡುಗೆಯಾಗಿತ್ತು. ಪತ್ತೇದಾರಮ್ಮನ ಕೈ ತಾನಾಗಿಯೇ ದೊಡ್ಡ ತಟ್ಟೆಗೆ ಹೋಯಿತು. ಹೆದರಿ, ತುಂಬಾ ಬಡಿಸಿದಳು.

ಮಾವ ಗಬಗಬ ಉಂಡ. ಮತ್ತೆ ಹಾಕಿಸಿಕೊಂಡ. ನಾದಿನಿ ಪಕ್ಕದಲ್ಲೇ ಕೂತು ಒಂದೊಂದು ತುತ್ತನ್ನೂ ನೋಡಿದಳು. ಮಾವ ಕೈ ತೊಳೆದು ಹೊರಗೆ ಹೋಗಿ ಕೂತ, ಸ್ವಲ್ಪ ತೂಕಡಿಸಿದ. ಎಚ್ಚರವಾದಾಗ ಎದುರುಮನೆಯವರು ಗೇಟಿನ ಹತ್ತಿರ ಕಾಣಿಸಿದರು. "ನೋಡಿ, ಬೆಳಿಗ್ಗೆಯಿಂದ ಈ ಮನೇಲಿ ನನಗೆ ಒಂದು ತುತ್ತು ಹಾಕಿಲ್ಲ" ಎಂದು ಮಾವ ಕೂಗಿ ಹೇಳಿದ.

ನಾದಿನಿ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಒಳಗೆ ಬಂದು ಪತ್ತೇದಾರಮ್ಮನ ಎರಡೂ ಕೈ ಹಿಡಿದುಕೊಂಡಳು.

"ತಪ್ಪಾಯ್ತು ಕಣಮ್ಮ. ಇಷ್ಟು ದಿನ ನಿನ್ನ ಮೇಲೆ ಏನೇನೋ ಅನುಮಾನ ಪಟ್ಟೆ. ನನ್ನ ಕಣ್ಣೆದುರಿಗೇ ಉಂಡ್ರು, ನನ್ನ ಕಣ್ಣೆದುರಿಗೇ ಹಾಗಂದ್ರು. ನೀನು ಹೇಗೆ ಸಹಿಸ್ಕೊಂಡ್ಯೋ."

ಆ ಮಾತಿಗಾಗಿ ಪತ್ತೇದಾರಮ್ಮ ಎಷ್ಟು ಕಾಲದಿಂದ ಕಾದಿದ್ದಳು! ಬಂತು, ಆದರೆ ಬರಬಾರದ ಹೊತ್ತಿಗೆ ಬಂತು. ಹಿಡಿದ ಕೈಗಳನ್ನು ಬಿಡಿಸಿಕೊಳ್ಳಲೂ ಆಗದೆ, ಹಾಗೇ ಬಿಡಲೂ ಆಗದೆ ನಿಂತಳು.

ಮರುದಿನ ಬೆಳಿಗ್ಗೆ ಗಂಡನೂ ಲಾರಿ ಬಿಟ್ಟು ಮನೆಗೆ ಬಂದಿದ್ದ. ನಾಲ್ವರೂ ಮೇಜಿನ ಸುತ್ತ ಕೂತಿದ್ದರು. ಮಾವ ನಿದ್ದೆ ತಿಳಿದೆದ್ದು ಗೆಲುವಾಗಿದ್ದ. ತನ್ನ ಮುಂದಿನ ಇಡೀ ಮೊಟ್ಟೆಯನ್ನು ನೋಡಿದ, ಅಂಚು ಸಮೇತ ಇದ್ದ ಬ್ರೆಡ್ಡನ್ನು ತಿರುಗಿಸಿ ನೋಡಿದ, ಆಮೇಲೆ ಮಗಳ ಕಡೆ ತಿರುಗಿದ.

"ನೀನು ಬಂದಿದೀಯಲ್ಲ, ಅದಕ್ಕೆ ಇದೆಲ್ಲ. ನೀನು ಬರೋ ಮುಂಚೆ ಅರ್ಧ ಮೊಟ್ಟೆ. ಬ್ರೆಡ್ಡಿನ ಅಂಚು ಕತ್ತರಿಸಿ ಬೇರೆ ತಟ್ಟೇಲಿ ಇಟ್ಕೋತಾಳೆ, ಅದನ್ನ ತಾನು ತಿಂತಾಳೆ. ದೊಡ್ಡ ತಟ್ಟೆ ಮೇಲಿಟ್ಟು ಚಿಕ್ಕದ್ರಲ್ಲಿ ಬಡಿಸ್ತಾಳೆ. ಎದುರುಮನೆಯವರು ಬಿಸ್ಕತ್ತು ಕೊಟ್ರೆ ಬೇಡ ಅಂದ್ಲು, ಡಾಕ್ಟ್ರ ಹೆಸರು ಹೇಳಿದ್ಲು. ಯಾವ ಡಾಕ್ಟ್ರೂ ಬಂದಿಲ್ಲ. ನಾನು ಮಲಗಿದೀನಿ ಅಂದ್ಕೊಂಡು ನನ್ನ ಬೆಲ್ಟಿಗೆ ತೂತು ಹೊಡೆದ್ಲು."

ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಕ್ಯಾಂಟೀನಿನಲ್ಲಿ ಸೌಟು ಹಿಡಿದು ನಿಂತ ದಿನಗಳ ಗಂಟಲಿನಲ್ಲೇ ಹೇಳಿದ.

ನಾದಿನಿ ಅವನ ಬೆನ್ನು ಸವರಿದಳು. "ಹೌದಪ್ಪ, ಹೌದು. ತಿನ್ನಿ ಈಗ" ಎಂದಳು, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. ಪತ್ತೇದಾರಮ್ಮನ ಕಡೆ ತಿರುಗಿ, ಬೇಜಾರು ಮಾಡ್ಕೋಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಗಂಡ ತಲೆ ತಗ್ಗಿಸಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದ. ತನ್ನನ್ನು ಯಾರೂ ನಂಬುತ್ತಿಲ್ಲ ಎಂಬುದು ಅವನಿಗೆ ತಿಳಿಯಿತು.

"ನಾನು ಸುಳ್ಳು ಹೇಳ್ತಿಲ್ಲ" ಎಂದ. "ಬೇಕಾದ್ರೆ ಅವಳನ್ನೇ ಕೇಳು."

"ಕೇಳೋದೇನಿದೆಯಪ್ಪ" ಎಂದಳು ನಾದಿನಿ.

ಪತ್ತೇದಾರಮ್ಮ ಸುಮ್ಮನೆ ಚಹಾ ಬಗ್ಗಿಸಿದ್ದರೆ ಸಾಕಿತ್ತು. ಹೋಗಿದ್ದ ಹೆಸರು ಮರಳಿ ಬಂದಿತ್ತು, ನಾದಿನಿಯ ಬಾಯಿಂದಲೇ ಬಂದಿತ್ತು. ಮಾವನ ಸಂಕಟವೂ ಮಧ್ಯಾಹ್ನದೊಳಗೆ ಮರೆತುಹೋಗುತ್ತಿತ್ತು. ಆದರೆ ತಾನೇ ಅವನನ್ನು ಹಸಿವಿಗೆ ಹಾಕಿ ಹೊರತೆಗೆದ ನೆನಪು ಅದು. ಅದನ್ನು ಹುಚ್ಚು ಮಾತು ಎಂದು ಒರೆಸಿಹಾಕಲು ಬಿಟ್ಟರೆ, ಅವನ ಬಾಯಿಂದ ಕಸಿದ ತುತ್ತೆಲ್ಲ ವ್ಯರ್ಥ. ಅದೂ ಅಲ್ಲದೆ, ಅವಳನ್ನೇ ಕೇಳು ಎಂದನಲ್ಲ. ದೂರು ಅವಳ ಮೇಲೆ, ಸಾಕ್ಷಿಗೆ ಕರೆದದ್ದೂ ಅವಳನ್ನೇ.

"ಮಾವ ಹೇಳ್ತಿರೋದೆಲ್ಲ ನಿಜ ಅಕ್ಕ" ಎಂದಳು. "ಒಂದಕ್ಷರ ಸುಳ್ಳಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ಎರಡು ಸಾಲು ಪಂಜರ, ತುಂಬು ಹೊಟ್ಟೆ, ಮುಕ್ಕಾಲು ಹೊಟ್ಟೆ, ನೀರಿನ ತೊಟ್ಟಿ. ಹೇಳುತ್ತಾ ಹೋದಂತೆ ಅವಳ ಕಿವಿಗೇ ಅದು ಕೇಡಿನ ಮಾತಾಗಿ ಕೇಳಿಸಿತು. ನಾದಿನಿ ಕೊನೆಗೆ ಎದ್ದು ನಿಂತಳು.

"ನಮ್ಮಪ್ಪನ್ನ ಇಲಿ ಮಾಡ್ಕೊಂಡ್ಯಾ?"

ಗಂಡ ಬಾಯಿ ತೆರೆದ. ನೋಡೋಣ ಎನ್ನಲೂ ಅವನಿಗೆ ಆಗಲಿಲ್ಲ.

ಮಾವನೊಬ್ಬನೇ ನೆಮ್ಮದಿಯಾಗಿದ್ದ. ಮೊಟ್ಟೆಗೆ ಉಪ್ಪು ಉದುರಿಸಿಕೊಂಡು, ಮಗಳಿಗೆ ಹೇಳಿದ: "ನೋಡಿದ್ಯಾ? ನನ್ನ ಸೊಸೆ ಸುಳ್ಳು ಹೇಳೋಳಲ್ಲ."

ಅಂದೇ ನಾದಿನಿ ಅಪ್ಪನನ್ನು ಕರೆದುಕೊಂಡು ಹೊರಟಳು. ಆಟೋ ಹತ್ತುವಾಗ ಮಾವ ತಿರುಗಿ, "ನೀನು ಬರಲ್ವಾ?" ಎಂದು ಕೇಳಿದ. ಪತ್ತೇದಾರಮ್ಮ, "ಕೆಲಸ ಇದೆ ಮಾವ, ಆಮೇಲೆ ಬರ್ತೀನಿ" ಎಂದಳು. ನಾದಿನಿ ಅವನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು.

ಇಲಿಮನೆಯಲ್ಲಿ ಮೇಡಂ ಮುಂದೆಯೂ ಎಲ್ಲ ಒಪ್ಪಿಕೊಂಡಳು. ಮೇಡಂ, "ಅವರು ಬಿದ್ದು ಸೊಂಟ ಮುರ್ಕೊಂಡಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದರು. ನೆನಪು ಬಂದದ್ದಾದರೂ ನಿಜ ತಾನೇ ಎಂದು ಆಕೆ ಅಂಗಲಾಚಿದಾಗ, "ಒಂದೇ ಜೀವ ನೋಡಿ ಏನೂ ಹೇಳೋಕಾಗಲ್ಲ. ಮರೆವಿನವರಿಗೆ ಕೆಲವು ದಿನ ಹಾಗೇ ತಿಳಿಯಾಗತ್ತೆ" ಎಂದರು. ಆ ಮಾತನ್ನು ಆಕೆ ನಂಬಲೂ ಇಲ್ಲ, ಬಿಡಲೂ ಇಲ್ಲ.

ಗಂಡ ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಿದ್ದ. ಅಪ್ಪ ಚೆನ್ನಾಗಿದ್ದಾರೆ, ಹೊಟ್ಟೆ ತುಂಬಾ ಉಣ್ಣುತ್ತಾರೆ, ಯಾರ ಮೇಲೂ ದೂರಿಲ್ಲ ಎಂದು ಉತ್ತರ ಬರುತ್ತಿತ್ತು. ದೂರಿಲ್ಲ ಎಂಬುದು ಪತ್ತೇದಾರಮ್ಮನಿಗೆ ಚುಚ್ಚುತ್ತಿತ್ತು. ಮಾವ ದೂರಿಲ್ಲದೆ ಇರುವುದುಂಟೇ? ತಿಂಗಳುಗಳು ಕಳೆದ ಮೇಲೆ, ನಾದಿನಿಯ ಸಿಟ್ಟು ತುಸು ಇಳಿದಿದೆ ಎಂದು ಗಂಡ ಹೇಳಿದಾಗ, ರಜೆ ಹಾಕಿ ನೋಡಲು ಹೋದಳು.

ಲಾಂಡ್ರಿಯ ಹಿಂದಿನ ಕೋಣೆ ಇಸ್ತ್ರಿಯ ಶಾಖಕ್ಕೆ ಬೆಚ್ಚಗಿತ್ತು. ಮಾವ ಕಿಟಕಿಯ ಪಕ್ಕ ಕೂತಿದ್ದ. ಕೆನ್ನೆ ತುಂಬಿಕೊಂಡಿತ್ತು, ಅಂಗಿ ಮೈಗೆ ಸರಿಯಾಗಿ ಕೂತಿತ್ತು. ಅವಳನ್ನು ಕಂಡು ಎದ್ದು ನಿಲ್ಲಲು ಹೋದ, ಗೌರವಕ್ಕೆ.

"ಬನ್ನಿ, ಬನ್ನಿ. ಕೂತ್ಕೊಳ್ಳಿ" ಎಂದ.

ಆಕೆ ಕೂತಳು. "ಊಟಕ್ಕೇನೂ ತೊಂದರೆ ಇಲ್ವಾ ಮಾವ?"

"ಏನೂ ಇಲ್ಲಮ್ಮ. ಇಲ್ಲಿಯವರು ಬಹಳ ಒಳ್ಳೆಯವರು. ನಿಮ್ಮದು ಊಟ ಆಯ್ತಾ?"

ಪತ್ತೇದಾರಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ನಾದಿನಿ ಬಾಗಿಲಲ್ಲಿ ನಿಂತಿರುವುದನ್ನೂ ಲೆಕ್ಕಿಸದೆ ಹೇಳಿದಳು: "ಮಾವ, ನಮ್ಮನೇಲಿ ಇದ್ದಾಗ ನಾನು ನಿಮಗೆ ಹೊಟ್ಟೆ ತುಂಬಾ ಹಾಕ್ತಿರ್ಲಿಲ್ಲ. ಮೊಟ್ಟೆ ಅರ್ಧ ಮಾಡಿ ಕೊಡ್ತಿದ್ದೆ. ದಿಂಬಿನ ಕೆಳಗಿನ ಬ್ರೆಡ್ಡು ಕದೀತಿದ್ದೆ. ನೀವೇ ಎಲ್ಲರ ಮುಂದೆ ಹೇಳಿದ್ರಿ. ನೆನಪಿದೆಯಾ?"

ಮಾವ ಅವಳನ್ನು ದಿಟ್ಟಿಸಿ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗುಮಾನಿಯಿರಲಿಲ್ಲ, ಅಪರಿಚಿತರ ಕಷ್ಟಕ್ಕೆ ಮರುಗುವ ಮರುಕವಿತ್ತು.

"ಛೆ, ಯಾರು ಹೇಳಿದ್ರು ನಿಮಗೆ ಹಾಗಂತ?" ಎಂದ. "ಮನಸ್ಸಿಗೆ ಹಚ್ಕೋಬೇಡಿ. ನಿಮ್ಮನ್ನ ನೋಡಿದ್ರೆ ಅಂಥವರ ಹಾಗೆ ಕಾಣಲ್ಲ."

ಪತ್ತೇದಾರಮ್ಮ ಎದ್ದು ಬಾಗಿಲ ಕಡೆ ಮುಖ ಮಾಡಿದಳು. ಅಪ್ಪನ ಪಾಲಿಗೆ ಈಗ ಬರೀ "ಇಲ್ಲಿಯವರು" ಆಗಿಹೋಗಿದ್ದ ನಾದಿನಿಯೂ ಅಲ್ಲಿ ನಿಂತು ಅಳುತ್ತಿದ್ದಳು.